ಒಂದೂಕಾಲು

ಶಿವರಾಂಪೇಟೆ, ಬಟ್ಟೆ ಅಂಗಡಿಯ ಮೇಲಿನ ಮಹಡಿ.
ಪಣಜಿಯಲ್ಲಿ ತೇಲುವ ಜೂಜಿನ ಹಡಗಿನ ಲೆಕ್ಕ
ಏಕೋ ನಮ್ಮಲ್ಲಿಗೇ ಬರುತ್ತದೆ,
ಮೂರು ತಿಂಗಳಿಗೊಮ್ಮೆ, ಕೊರಿಯರಿನಲ್ಲಿ.

ಹದಿನೈದು ವರ್ಷದ ಸಾಲ. ಬ್ಯಾಂಕಿನದು ಒಂದೇ ಹಟ:
ಕಟ್ಟುವ ಕಂತಿಗೆ ಒಂದೂಕಾಲು ಪಟ್ಟು ಗಳಿಕೆ ಇರಬೇಕು,
ಇಲ್ಲವೋ, ಅಷ್ಟೂ ಅಸಲು ಒಟ್ಟಿಗೇ ವಾಪಸ್ಸು.

ಅಳಸಿಂಗಾಚಾರ್ ಇಸ್ಪೀಟು ಮುಟ್ಟಿದವರಲ್ಲ.
ಕಳಾವರ್ ಎಂದರೆ
ನಂಜನಗೂಡಿನಿಂದ ಎಷ್ಟು ದೂರ ಎಂದಾರು.
ಕ್ಯಾಲ್ಕ್ಯುಲೇಟರ್ ನಂಬದೆ, ಕಣ್ಣು ಮುಚ್ಚಿ
ಒಂದೂಕಾಲರ ಮಗ್ಗಿ ಹೇಳುತ್ತಾರೆ,
ತುಟಿಯ ಮೇಲೆ ಇನ್ನೂ ಅಗ್ರಹಾರದ ಮೇಷ್ಟರ ಬೆತ್ತ.

ಈ ಸಲ, ಒಂದು ಬಿಂದು ಎರಡು ನಾಲ್ಕು.

ಫೋನಿನಲ್ಲಿ ಹಡಗಿನವ ನಕ್ಕ:
"ಒಂದು ಪೈಸೆ ಸಾರ್! ಶನಿವಾರ ಜನ ಬಂದೇ ಬರ್ತಾರೆ,
ನೀವು ಸೈನ್ ಹಾಕಿ."
ಅವನ ಹಿಂದೆ ಸಂಗೀತ, ಬಿಲ್ಲೆಗಳ ಸದ್ದು.

ಇವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು,
ಮತ್ತೆ ತೆಗೆದರು.
ಇಷ್ಟು ವರ್ಷ ಒರೆಸಿದ ಮೇಜಿನ ಹಸಿರು ರೆಕ್ಸಿನ್ನು
ಆ ಹೊತ್ತು ನನಗೆ ಬೇರೆ ಥರ ಕಂಡಿತು.

"ಕಾಫಿ ತರಿಸು. ಬೈಟೂ ಸಾಕು,
ಇನ್ನು ಅಲ್ಲಿಂದ ಫೀಜು ಬರುವ ಹಾಗಿಲ್ಲ.

ಮತ್ತೆ ಆ ನಾಲ್ಕನ್ನ
ಸ್ವಲ್ಪ ದಪ್ಪಗೆ ಟೈಪು ಮಾಡು.
ಯಾರಿಗೂ ಐದರ ಹಾಗೆ ಕಾಣಬಾರದು."