ಹನ್ನೆರಡರಿಂದ ಎಂಟಕ್ಕೆ

ಬೆಳ್ಯಪ್ಪನವರ ಎದೆಯೊಳಗೆ ಎರಡು ಸ್ಟೆಂಟು,
ಪಿತ್ತಕೋಶದಲ್ಲಿ ಹುರುಳಿಕಾಳಿನಷ್ಟು ಹನ್ನೊಂದು ಕಲ್ಲು.
ಮೂವತ್ತೊಂದು ವರ್ಷ ಸಂಪಾಜೆ ಘಾಟಿಯಲ್ಲಿ
ಸರ್ಕಾರಿ ಬಸ್ಸು ತಿರುಗಿಸಿದ ಕೈ;
ಸೂಜಿಗೆಂದು ಮಣಿಕಟ್ಟು ಹಿಡಿದರೆ
ನಾಡಿಗಿಂತ ಮೊದಲು ತಾಗುವುದು ಅಂಗೈಯ ದಡ್ಡು.

"ಬೆಳಗಿನ ಮಾತ್ರೆ ನುಂಗಿದ್ರಾ?"
"ಒಂದು ಗುಟುಕು ನೀರಲ್ಲಿ. ನೀವೇ ಹೇಳಿದ್ದಲ್ವ,
ಹೃದಯದ್ದು ಬಿಡಬಾರದು, ಸಕ್ಕರೆಯದ್ದು ಬೇಡ ಅಂತ."
ಆಮೇಲೆ, ಮೆಲ್ಲಗೆ:
"ಏರಿನಲ್ಲಿ ಗೇರು ತಪ್ಪಬಾರದು ಮೇಡಂ."

ಮಡಿಕೇರಿಯ ಮಂಜು ಕಿಟಕಿಗೆ ಮುಖ ಒತ್ತಿತ್ತು.
ಸಿಸ್ಟರ್ ಜೆಸಿಂತ ಕಾಲಿಗೆ ಗಾಳಿಪಟ್ಟಿ ಸುತ್ತಿದಳು,
ರಕ್ತ ಮೀನಖಂಡದಲ್ಲಿ ಕೂತು ಹೆಪ್ಪಾಗದ ಹಾಗೆ.
ನಿದ್ದೆಗೆ ಜಾರುವಾಗ ಅವರ ಎಡಗೈ ಅರ್ಧ ಎದ್ದು
ಇಲ್ಲದ ಗೇರನ್ನು ಕೆಳಕ್ಕೆಳೆಯಿತು.

ಹೊಕ್ಕುಳ ಬಳಿ ಬೆರಳಗಲದ ಗಾಯ.
ಗಾಳಿ ಹೊಕ್ಕಿತು, ಹೊಟ್ಟೆ ಡೇರೆಯಂತೆ ಎದ್ದಿತು.
ಒತ್ತಡ ಆರು. ಒಂಬತ್ತು. ಹನ್ನೆರಡು.
ಹಸಿರು ಗೆರೆಯಲ್ಲಿ ಒಂದು ಮಿಡಿತಕ್ಕೂ ಮತ್ತೊಂದಕ್ಕೂ
ನಡುವಿನ ಬಯಲು ಅಗಲವಾಗುತ್ತ ಹೋಯಿತು,
ಎಪ್ಪತ್ತು, ಐವತ್ತೆಂಟು, ನಲವತ್ತೊಂದು,
ಮೂವತ್ತನಾಲ್ಕು.

"ಗಾಳಿ ಬಿಡಿ."
"ಈಗಷ್ಟೇ ಸರಿಯಾಗಿ ಕಂಡಿದೆ, ಅರ್ಧ ನಿಮಿಷ..."
"ಮೊದಲು ಬಿಡಿ, ಪೂಣಚ್ಚ."

ಗುಡ್ಡ ಜಾರಿದ ವರ್ಷ
ಜೋಡುಪಾಲಕ್ಕೆ ಮೊದಲೇ ಬಸ್ಸು ನಿಲ್ಲಿಸಿಬಿಟ್ಟಿದ್ದರಂತೆ ಈ ಮನುಷ್ಯ.
ಚರಂಡಿಯ ನೀರು ಕೆಂಪಾಗಿ ಬರುತ್ತಿತ್ತು, ಅಷ್ಟೇ.
ನಲವತ್ತು ಜನ ಬೈದರು: ಒಬ್ಬನಿಗೆ ಕೋರ್ಟು,
ಒಬ್ಬಳಿಗೆ ತಂಗಿಯ ಮಗುವಿನ ನಾಮಕರಣ.
ನಿನ್ನೆ ಅವರ ಹೆಂಡತಿ ಹೇಳಿದ್ದು.
ಮುಂದೇನಾಯಿತೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಉಸ್ಸೆಂದು ಗಾಳಿ ಹೊರಬಿತ್ತು.
ನನ್ನ ಕೈಯಲ್ಲಿ ಅಟ್ರೋಪಿನ್ ತುಂಬಿದ ಸಿರಿಂಜು.
ಕೊಟ್ಟರೆ ಹೃದಯ ಓಡೀತು; ತೀರಾ ಓಡಿದರೆ
ಸ್ಟೆಂಟಿನಾಚೆಯ ಮಾಂಸ ಹಸಿದೀತು.
ಹೆಬ್ಬೆರಳು ಹಿಡಿಯ ಮೇಲಿಟ್ಟು ಎಣಿಸಿದೆ.
ನಲವತ್ತು.
ನಲವತ್ತೇ.
ಐವತ್ತೆರಡು. ಅರವತ್ತಾರು.
ಸಿರಿಂಜನ್ನು ತಟ್ಟೆಗೆ ಹಾಕಿದಾಗ ಸದ್ದು ಬೇಕಿದ್ದಕ್ಕಿಂತ ಜೋರಾಯಿತು.

"ಮತ್ತೆ ಮೆಲ್ಲಗೆ ತುಂಬಿಸಿ. ಎಂಟರ ಮೇಲೆ ಬೇಡ,
ತಲೆಕಡೆ ಅಷ್ಟೊಂದು ಎತ್ತಲೂಬೇಡಿ."
"ಎಂಟರಲ್ಲಿ ಜಾಗ ಎಲ್ಲುಂಟು?"
"ಇಕ್ಕಟ್ಟಿನಲ್ಲೇ ಹೋಗಿ."
ಮಾಸ್ಕಿನೊಳಗೆ ಪೂಣಚ್ಚ ಕೊಡವದಲ್ಲಿ ಏನೋ ಅಂದ.
ಒಂಬತ್ತು ವರ್ಷವಾಯಿತು ನಾನು ಈ ಊರಿಗೆ ಬಂದು,
ಬೈಗುಳ ಮಾತ್ರ ಇನ್ನೂ ಅರ್ಥವಾಗುವುದಿಲ್ಲ, ಪುಣ್ಯ.

ಸಂಜೆ ವಾರ್ಡಿನಲ್ಲಿ ಹೆಗಲು ಹಿಡಿದು ಕೂತಿದ್ದರು.
"ಕೊಯ್ದದ್ದು ಹೊಟ್ಟೆ. ಹೆಗಲು ಯಾಕೆ ನೋಯ್ತದೆ?"
ಉತ್ತರ ಗೊತ್ತಿತ್ತು: ವಪೆಯಡಿ ಉಳಿದ ಗಾಳಿ.
ಆದರೂ ಇಸಿಜಿ ತೆಗೆಸಿದೆ, ಹಳೆಯದರ ಪಕ್ಕ ಹಾಸಿ
ಗೆರೆಗೆ ಗೆರೆ ನೋಡಿದೆ, ಮತ್ತೊಮ್ಮೆ ನೋಡಿದೆ.
"ಗಾಳಿ. ಎರಡು ದಿನದಲ್ಲಿ ಇಳಿಯುತ್ತೆ."

"ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ರಾ?"
"ಒಂದು ಕಡೆ. ಸ್ವಲ್ಪ ಹೊತ್ತು."
"ಬೈದ್ರಾ ಜನ?"
"ಒಬ್ಬರು."
ತಲೆಯಾಡಿಸಿ, ಉಪ್ಪು ಕಡಿಮೆಯ ಗಂಜಿಗೆ ಕೈಚಾಚಿದರು.