ಐವತ್ತೆಂಟು

ಆಬರಿಸ್ಟ್‌ವಿತ್, ಸೆಪ್ಟೆಂಬರಿನ ಕೊನೆ.
ಹಾಸ್ಟೆಲಿನ ಅಡುಗೆಮನೆಯಲ್ಲೇ ಮೇಜು ಹಾಕಿಕೊಂಡು
ನರ್ಸ್ ಗ್ವೆನ್‌ಲಿಯನ್ ಅನ್ನುತ್ತಾಳೆ:
ಬಾಯಿ ತೆಗಿ. ಇನ್ನೂ. ಆ ಅನ್ನು.
ಹತ್ತಿ ಸುತ್ತಿದ ಕಡ್ಡಿ ಕಿರುನಾಲಗೆಯ ಹಿಂದಕ್ಕೆ ಹೋಗಿ
ವಾಕರಿಕೆ ಬರುವ ಮುಂಚೆ ಆಚೆ ಬರುತ್ತದೆ.
ಹೆಸರು ಬೇಡ, ನಂಬರು ಸಾಕು.
ಕೊನೆಗೊಂದು ಬಿಸ್ಕತ್ತು.

ನನ್ನದು ಲ್ಯಾಬಿನ ಕೆಲಸ.
ಕುದುರೆಯ ರಕ್ತ ಕಾಯಿಸಿ ಕಂದು ಮಾಡಿದ ತಟ್ಟೆಗೆ
ಚಾಕೊಲೇಟ್ ಎಂದು ಹೆಸರಿಟ್ಟವರು ಹಸಿದಿದ್ದರೇನೋ.
ಅದರ ಮೇಲೆ ಒಂದೆರಡು ದಿನಕ್ಕೆ ಬೂದುಬಣ್ಣದ ಹನಿಗಳು.
ಲೆನ್ಸಿನ ಕೆಳಗೆ ಜೋಡಿ ಜೋಡಿ,
ಹಿದುಕಿದ ಅವರೆಯ ಎರಡು ಹೋಳು
ಇನ್ನೂ ಬೇರೆಯಾಗದ ಹಾಗೆ.

ಮೊದಲ ವಾರ ನೂರಕ್ಕೆ ಏಳು ತಟ್ಟೆ.
ನವೆಂಬರಿಗೆ ಮೂವತ್ತೊಂದು.
ನಡುವೆ ಏನಾಯಿತು, ಫಾರಂ ಕೇಳುತ್ತದೆ:
ಎಷ್ಟು ರಾತ್ರಿ ಬಾರು, ಎಷ್ಟು ಸಿಗರೇಟು,
ಕಳೆದ ವಾರ ಎಷ್ಟು ಜನಕ್ಕೆ ಮುತ್ತು?
‘ಲೆಕ್ಕ ಇಟ್ಟಿಲ್ಲ’ ಎಂದು ಬರೆದದ್ದು ಐವತ್ತೆಂಟು,
ಪಕ್ಕದಲ್ಲೊಂದು ನಗುವ ಮುಖ.

ಎಂಜಲು ಲೋಟಕ್ಕೆ ಬೈಯುವ ಅಮ್ಮಂದಿರೇ,
ಲೋಟದ ತಪ್ಪು ಅಷ್ಟಿಲ್ಲ.
ಮೈಯ ಹೊರಗೆ ಬಹಳ ಹೊತ್ತು ಬದುಕುವ ಜೀವವಲ್ಲ ಇದು.
ಇದಕ್ಕೆ ಹತ್ತಿರ ಬೇಕು,
ಗದ್ದಲದಲ್ಲಿ ಕಿವಿಗೆ ಬಾಯಿಟ್ಟು
‘ಯಾವೂರು ನಿಂದು?’ ಎಂದು ಕೂಗುವಷ್ಟು,
ಮನೆ ಬಿಟ್ಟ ಮೊದಲ ತಿಂಗಳಲ್ಲಿ
ಯಾರಾದರೂ ಸರಿ ಅನ್ನುವಷ್ಟು ಹತ್ತಿರ.
ಬಂದು ಮೂಗಿನ ಹಿಂದೆ ಬಿಡಾರ ಹೂಡಿ
ಬಾಡಿಗೆಯಿಲ್ಲ, ಗಲಾಟೆಯಿಲ್ಲ,
ಕೆಲವು ತಿಂಗಳಿದ್ದು ಹೇಳದೆ ಹೋಗುತ್ತದೆ.
ಸಾವಿರ ಸಲ ಹೀಗೇ.

ಒಂದು ಸಲ ಹೀಗಲ್ಲ.
ಮೂರನೇ ಮಹಡಿಯ ಟೆಗಿಡ್ ತಲೆನೋವು ಎಂದ.
ಕುಡಿದದ್ದು ಜಾಸ್ತಿ ಎಂದರು.
ದೀಪ ಆರಿಸಿ ಎಂದ.
ನಾಲ್ಕು ಗಂಟೆಗೆ ಗೆಳೆಯ ಎಲಿಡಿರ್
ಫೋನಿನಲ್ಲಿ ಹೇಳಿದ ಹಾಗೆ
ಗಾಜಿನ ಲೋಟ ಅವನ ತೊಡೆಗೆ ಒತ್ತಿ ನೋಡಿದ.
ನೇರಳೆ ಚುಕ್ಕೆಗಳು ಮಾಸಲಿಲ್ಲ.
ಲೋಟದ ಅಂಚಿನಲ್ಲಿ ಯಾರದೋ ತುಟಿಬಣ್ಣ.

ಬದುಕಿದ.
ಎಡಗಾಲಿನ ಬೆರಳು ಹೋದವು, ಒಂದು ಕಿವಿ ಹೋಯಿತು.
ಇಡೀ ಮಹಡಿ ಸಾಲಾಗಿ ನಿಂತು ಮಾತ್ರೆ ನುಂಗಿತು.

ಮೈನಸ್ ಎಂಬತ್ತರ ಫ್ರೀಜರಿನಲ್ಲಿ
ಟೆಗಿಡ್‌ನ ಶೀಶೆ ಇದೆ, ಐವತ್ತೆಂಟರದೂ ಇದೆ.
ಎರಡೂ ಒಂದೇ ತಳಿ.
ಯಾರು ಕೊಟ್ಟರು, ಯಾರು ಪಡೆದರು, ಶೀಶೆ ಹೇಳುವುದಿಲ್ಲ.
ಹೆಸರು ನನಗೂ ಗೊತ್ತಿಲ್ಲ, ಗೊತ್ತಾಗಕೂಡದು.
ದ್ರಾಕ್ಷಿ ಹಿಡಿದು ಆಸ್ಪತ್ರೆಗೆ ಹೋಗಿ
ಅವನ ಕೇಳದ ಕಿವಿಯ ಕಡೆ ಕೂತು
ಏನೋ ಹೇಳಿ ಬಂದಿರಬಹುದು.

ಮಾರ್ಚಿನಲ್ಲಿ ಐವತ್ತೆಂಟರ ಕಡ್ಡಿ ಮತ್ತೆ ಬಂತು.
ಎರಡು ದಿನ ಕಾದೆ. ಮೂರನೆಯದೂ ಕಾದೆ.
ಕಂದು ತಟ್ಟೆ, ಖಾಲಿ.