ನೀರು ಕಟ್ಟಿದ ವಿಡಿಯೊ

ಅಕ್ಕನ ಮಗಳು ಸುಚೇತಾ ಹೇಳಿದಳು:
ಮಾವ, ನಿನ್ನ ಕೆಲಸ ಗಾಡಿಕೊಪ್ಪ ದಾಟಿಲ್ಲ,
ಫೋನಿಗೆ ಹಾಕಿದರೆ ಜಗತ್ತೇ ನೋಡುತ್ತದೆ.
ಜಗತ್ತಿಗೆ ಮನೆ ಕಟ್ಟಿಕೊಡಲು ನನ್ನ ಹತ್ತಿರ ಇರುವುದು
ಏಳು ಜನ, ಒಂದು ಮಿಕ್ಸರು, ಬಾಡಿಗೆಯ ಸೆಂಟ್ರಿಂಗ್ ಹಲಗೆ.
ಆದರೂ ಹೂಂ ಅಂದೆ.
ಎರಡು ತಿಂಗಳಿಂದ ಕರಣೆ ಗೋಣಿಚೀಲದಲ್ಲಿತ್ತು.

'ಓಬಳೇಶ್ ಬಿಲ್ಡರ್ಸ್' ಎಂದು ಅವಳೇ ಹೆಸರಿಟ್ಟಳು.
ಮೂವತ್ತು ವರ್ಷ ಬರೀ ಮೇಸ್ತ್ರಿಯಾಗಿದ್ದವನು
ಒಂದು ಮಧ್ಯಾಹ್ನದಲ್ಲಿ ಬಹುವಚನವಾದೆ.

ಮೊದಲು ಪಾಯದ ಫೋಟೊ ಕಳಿಸಿದೆ.
ಐದಡಿ ಅಗೆದು, ಗಟ್ಟಿ ಸಿಗದೆ ಇನ್ನೊಂದಡಿ ಅಗೆದು,
ಜಲ್ಲಿ ಬಡಿದು, ಕಂಬಿಗೆ ಕಂಬಿ ಬಿಗಿದ ಕಟ್ಟು;
ನನ್ನ ಕಣ್ಣಿಗೆ ಅದು ತೊಟ್ಟಿಲು.
ಅವಳು ಅಂದಳು: ಮಾವ, ಇದು ಗುಂಡಿ.
ಗುಂಡಿಗೆ ಯಾರು ಲೈಕ್ ಒತ್ತುತ್ತಾರೆ?

ಬೇಕಾದದ್ದು ಎಲಿವೇಶನ್ನಂತೆ.
ಮುಂಗೋಡೆಗೆ ಅಂಟಿಸಿದ, ಕಲ್ಲಿನಂತೆ ನಟಿಸುವ ಟೈಲ್ಸು,
ಮುಸ್ಸಂಜೆಗೆ ಹೊತ್ತಿಸಿದ ಹಳದಿ ದೀಪ,
ಇಸ್ತ್ರಿ ಅಂಗಿ ತೊಟ್ಟು ನಾನು ಗೇಟು ತೆಗೆದು ಬರಬೇಕು,
ಯಾರದೋ ಮನೆಗೆ, ನನ್ನದೇ ಅನ್ನುವ ಹಾಗೆ.
ಎಂಟು ಸಲ ಬಂದೆ.
ಒಂಬತ್ತನೆಯ ಸಲ ಆ ಮನೆಯ ನಾಯಿಯೂ ನಂಬಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು
ಅಷ್ಟಕ್ಕೇ ಬಿಟ್ಟರಲ್ಲ, ಪುಣ್ಯ, ಎಂದುಕೊಂಡಿದ್ದೆ.
ಕಟ್ಟಿದ್ದನ್ನು ತೋರಿಸಿ ನೋಡು:
ಇದು ಸುಚೇತಳ ಮೂರನೆಯ ಕಂತು.

ಕೊನೆಗೆ ಜನ ಹಿಡಿದುಕೊಂಡದ್ದು ಯಾವುದನ್ನು ಗೊತ್ತೆ?
ಆಲ್ಕೊಳದ ಸೈಟಿನಲ್ಲಿ ಮಾಳಿಗೆಗೆ ಬದು ಕಟ್ಟಿ
ನೀರು ನಿಲ್ಲಿಸಿದ್ದೆವು. ಕಾಂಕ್ರೀಟು ನೀರು ಕುಡಿಯುವ
ಹದಿನಾಲ್ಕು ದಿನದಲ್ಲಿ ಆರನೆಯದು.
ಎರಡು ಗೊರವಂಕ ಇಳಿದು ಸ್ನಾನಕ್ಕೆ ನಿಂತವು.
ನಜೀರ ಬೀಡಿ ಕೈಯಲ್ಲೇ ಮರೆತು ನೋಡುತ್ತಿದ್ದ.
ಇಪ್ಪತ್ತು ಸೆಕೆಂಡು, ಅಷ್ಟೆ.
ನಲವತ್ತು ಸಾವಿರ ಜನ ನೋಡಿದರು,
ಮಾಳಿಗೆಯನ್ನಲ್ಲ.

ಫೋನು ಬರತೊಡಗಿತು.
ರಾಯಚೂರಿಂದ ಒಬ್ಬ: ಅಣ್ಣಾ, ಕೆಲ್ಸ ಐತೇನ್ರಿ? ನಾನೂ ಗಾರೆಯಂವನ.
ಎಲ್ಲಿಂದಲೋ ಇನ್ನೊಬ್ಬ, ನನ್ನ ಭಾಷೆ ಬಾರದೆ
ಸೆಂಟ್ರಿಂಗ್, ಸೆಂಟ್ರಿಂಗ್ ಎಂದಷ್ಟೇ ಹೇಳಿ ಕಾದ.
ಗಿರಾಕಿಗೆಂದು ಬಿಟ್ಟ ಗಾಳಕ್ಕೆ
ನನ್ನಂಥವರೇ ಬಂದು ಕಚ್ಚಿದರು.

ಐದನೆಯ ದಿನ, ಶರಾವತಿ ನಗರದ ಲೂರ್ದಮ್ಮ.
'ಓಬಳೇಶ ತಾನೆ? ಹಣೆ ಮೇಲಿನ ಮಚ್ಚೆ ನೋಡಿ ಗುರುತು ಹಿಡಿದೆ.
ಹನ್ನೊಂದು ವರ್ಷದ ಹಿಂದೆ ನಮ್ಮ ಬಚ್ಚಲು ಕಟ್ಟಿದವನು.
ಹಳೇ ನಂಬರಿಗೆ ಎಷ್ಟು ಸಲ ಮಾಡಿದೀನಿ ಗೊತ್ತಾ.
ಗೋಡೆ ಅವತ್ತಿಂದ ಬೆವರ್ತಾನೇ ಇದೆ.'

ನಂಬರು ಬದಲಿಸಿದವನು ನಾನೇ.
ಆ ವರ್ಷ ಸಿಮೆಂಟು ಒಂದಕ್ಕೆ ಮರಳು ಒಂಬತ್ತು ಕಲಸಿದ್ದೆ.
ಸಾಲವಿತ್ತು. ಬಿಡಿ, ಸಾಲ ಯಾರಿಗಿಲ್ಲ.

ಭಾನುವಾರ ಹೋದೆ. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತೆ,
ಇಲ್ಲಿ ನಟಿಸಲು ಬರಲಿಲ್ಲ.
ಉಪ್ಪು ಹೊತ್ತ ಗೋಡೆ. ಉಗುರು ತಾಗಿಸಿದರೆ ಉದುರಿತು,
ನನ್ನ ಸಹಿ, ಬೋರ್ಡೇ ಬೇಡ.
ಕೆತ್ತತೊಡಗಿದೆ. ನರ್ಸಾಗಿ ದುಡಿದಿದ್ದ ಲೂರ್ದಮ್ಮ
ಸ್ಟೂಲು ಹಾಕಿಕೊಂಡು ಕೂತು, ಗಾಯ ತೊಳೆಯಿಸುವವಳ ಹಾಗೆ,
'ಇನ್ನೂ ಒಳಗಿದೆ, ಅದನ್ನೂ ಕೀಳು' ಅನ್ನುತ್ತಿದ್ದಳು.

ಸುಚೇತಾ ಫೋನು ಎತ್ತಿದಳು.
ಬೇಡ ಅನ್ನಲು ಬಾಯಿ ತೆರೆದೆ, ಧೂಳು ಹೋಯಿತು.
'ತೆಗಿಯಮ್ಮ,' ಲೂರ್ದಮ್ಮನೇ ಅಂದಳು,
'ಮೊದಲು ಗೋಡೇದು ತೆಗಿ. ಆಮೇಲೆ ಇವನ ಮುಖದ್ದು.'

ಅದನ್ನು ಇನ್ನೂ ಎಲ್ಲೂ ಹಾಕಿಲ್ಲ.
ರಾತ್ರಿ ಒಮ್ಮೊಮ್ಮೆ ನೋಡುತ್ತೇನೆ, ಶಬ್ದ ಆರಿಸಿ.

ರಾಯಚೂರಿನವನು ಬಂದಿದ್ದಾನೆ, ಮುದುಕಪ್ಪ,
ಹೆಸರು ಹಾಗೆ, ವಯಸ್ಸು ಇಪ್ಪತ್ತಾರು.
ಬಂದವನೇ ಸಲಿಕೆ ಹಿಡಿದು ಕೇಳಿದ, ಒಂದಕ್ಕೆ ಎಷ್ಟು?
ಬಚ್ಚಲಿಗೆ ನಾಲ್ಕು ಅಂದೆ.
ಅವನು ನನ್ನ ಮುಖ ನೋಡಿದ. ನಾಲ್ಕೇ, ಅಂದೆ.

ಗೊರವಂಕಗಳಿಗೆ ಇನ್ನೂ ಲೈಕು ಬರುತ್ತಲೇ ಇವೆ.